ಕಪ್ಪು ಸುರುಳಿ ಬರೆದರೆ ಖಿನ್ನತೆನಾ? ಚಿತ್ರ, ಕುಣಿತ, ಹಾಡಿನಿಂದ ಮನಸ್ಸು ತಿಳಿಯುವ ಬಗ್ಗೆ

ಗೀಚುಗಾರ
ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಎರಡು ವಾರದ ಹಿಂದೆ ಒಂದು ಮನಶ್ಶಾಸ್ತ್ರ ಸಂಶೋಧನೆಗೆ ಹೆಸರು ಕೊಟ್ಟಿದ್ದೆ. ಗೆಳೆಯ ಹೇಳಿದ ಅಂತ ಹೋದೆ, ಅಷ್ಟೇ. ಪುಟ್ಟ ಕೋಣೆ. ಮೇಜಿನ ಮೇಲೆ ಬಿಳಿ ಹಾಳೆ, ಒಂದು ಡಬ್ಬಿ ಕ್ರೇಯಾನ್. "ಈಚೆಗೆ ಮನಸ್ಸಿಗೆ ನೋವಾದ ಒಂದು ಘಟನೆ ನೆನಪು ಮಾಡಿಕೊಳ್ಳಿ. ಏನಾಯಿತು ಅಂತ ನಮಗೆ ಹೇಳಬೇಡಿ. ಹೇಗೆ ಅನಿಸಿತು ಅನ್ನುವುದನ್ನು ಹಾಳೆ ಮೇಲೆ ತೋರಿಸಿ. ಮನುಷ್ಯ, ಮನೆ, ಮರ ಏನೂ ಬೇಡ, ಬರೀ ಗೆರೆ ಮತ್ತು ಬಣ್ಣ" ಅಂದರು. ಹತ್ತು ನಿಮಿಷ. ಆಮೇಲೆ ಅದನ್ನೇ ಬರೀ ಕೈಯಲ್ಲಿ ಮಾಡಿ ತೋರಿಸಬೇಕು. ಒಂದು ನಿಮಿಷ, ಕ್ಯಾಮೆರಾ ಕೈ ಮೇಲೆ ಮಾತ್ರ. ಮೂರನೆಯದು ಹೆಡ್‌ಫೋನ್ ಹಾಕಿಕೊಂಡು ಸಣ್ಣ ಸಣ್ಣ ಸಂಗೀತದ ತುಣುಕು ಕೇಳಿ, ನಮ್ಮ ಅನಿಸಿಕೆಗೆ ಹೊಂದುವುದನ್ನು ಆರಿಸುವುದು. ಕೊನೆಗೆ ಒಂದು ಪುಟ ಬರಹ.

ನಾನು ಹಾಳೆ ಮೇಲೆ ಗೀಚಿದ್ದು ಕೆಳಗಿನ ಎಡಮೂಲೆಯಲ್ಲಿ ಒಂದು ಕಪ್ಪು ಸುರುಳಿ. ಉಳಿದ ಹಾಳೆ ಪೂರ್ತಿ ಖಾಲಿ. ಕೈಯಲ್ಲಿ ಮಾಡಿದ್ದು ಇನ್ನೂ ವಿಚಿತ್ರ. ಮಣಿಕಟ್ಟು ತಿರುಗಿಸುತ್ತಲೇ ಇದ್ದೆ. ಒಂದೇ ಕಡೆಗೆ, ಮತ್ತೆ ಮತ್ತೆ. ಯಾಕೆ ಅಂತ ಈಗಲೂ ಗೊತ್ತಿಲ್ಲ. ಸಂಗೀತದಲ್ಲಿ ಆರಿಸಿದ್ದು ಬಿರುಸಾದ, ಜೋರಾದ ತುಣುಕು. ಬರೆಯಲು ಕೂತಾಗ ಬಂದ ಮೊದಲ ಸಾಲು "ನನಗೆ ಸಿಟ್ಟು ಬಂದಿದೆ". ಒಳಗೆ ಹೋಗುವಾಗ ನನ್ನದು ಬರೀ ಬೇಸರ ಅಂದುಕೊಂಡಿದ್ದೆ!

ಚಿತ್ರದ ಫೋಟೊ ಇಟ್ಟುಕೊಂಡಿದ್ದೆ. ಪರಿಚಯದವರೊಬ್ಬರಿಗೆ ತೋರಿಸಿದೆ. 'ಚಿತ್ರದಿಂದ ಮನಸ್ಸು ಓದುವುದು' ಅಂತ ಎರಡು ದಿನದ ಕಾರ್ಯಾಗಾರ ಮುಗಿಸಿ ಬಂದವರು ಅವರು. ಮೂರು ಸೆಕೆಂಡ್ ನೋಡಿ, "ಕಪ್ಪು, ಎಡಮೂಲೆ, ಸುರುಳಿ. ಹಳೆಯದರಲ್ಲೇ ಸಿಕ್ಕಿಕೊಂಡಿದ್ದೀರಿ. ಖಿನ್ನತೆ ಇದು, ಯಾರಿಗಾದರೂ ತೋರಿಸಿ" ಅಂದುಬಿಟ್ಟರು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಿಜ ಹೇಳಬೇಕೆಂದರೆ, ಆ ಡಬ್ಬಿಯಲ್ಲಿ ಮೊನೆ ಇದ್ದದ್ದು ಕಪ್ಪು ಕ್ರೇಯಾನ್ ಒಂದಕ್ಕೇ. ಉಳಿದವೆಲ್ಲ ಮೊಂಡು. ಮೇಲಾಗಿ ನಾನು ಎಡಗೈಯವನು, ಕೈ ಎಲ್ಲಿ ಕೂರುತ್ತದೋ ಅಲ್ಲಿಂದ ಶುರು ಮಾಡಿದೆ.

ಹಾಗಾದರೆ ಇದರಲ್ಲಿ ವಿಜ್ಞಾನ ಎಷ್ಟು, ಕಣಿ ಹೇಳುವುದು ಎಷ್ಟು? ಗೊತ್ತಿರುವವರು ತಿಳಿಸಿ.

ಅಂಕಿಅಂಶ
ಮೊದಲು ನೆಮ್ಮದಿಯಾಗಿ ಮಲಗಿ. ನಿಮ್ಮ ಪರಿಚಯದವರು ಹೇಳಿದ್ದು ಕಣಿಯೇ.

1967ರಲ್ಲಿ ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ಮಾಡಿದ ಒಂದು ಪ್ರಯೋಗ ಇದೆ. ಆಗ 'ಒಬ್ಬ ಮನುಷ್ಯನ ಚಿತ್ರ ಬರೆಯಿರಿ' ಅನ್ನುವ ಪರೀಕ್ಷೆ ತುಂಬಾ ಬಳಕೆಯಲ್ಲಿತ್ತು. ಅನುಮಾನದ ಸ್ವಭಾವದವರು ಕಣ್ಣನ್ನು ವಿಚಿತ್ರವಾಗಿ ಬರೆಯುತ್ತಾರೆ, ತಮ್ಮ ಬುದ್ಧಿ ಬಗ್ಗೆ ಚಿಂತೆ ಇರುವವರು ತಲೆ ದೊಡ್ಡದು ಮಾಡುತ್ತಾರೆ ಅಂತ ನುರಿತ ಮನಶ್ಶಾಸ್ತ್ರಜ್ಞರು ಹೇಳುತ್ತಿದ್ದರು. "ನಮ್ಮ ಅನುಭವದಲ್ಲಿ ಕಂಡಿದ್ದೇವೆ" ಅಂತ. ಚಾಪ್‌ಮನ್ ದಂಪತಿ ಏನು ಮಾಡಿದರು? ಒಂದಿಷ್ಟು ಚಿತ್ರ ತೆಗೆದುಕೊಂಡು, ಪ್ರತಿಯೊಂದರ ಕೆಳಗೆ ಸುಮ್ನೆ ಮನಬಂದಂತೆ ಒಂದೊಂದು ಲಕ್ಷಣ ಅಂಟಿಸಿದರು. ಚಿತ್ರಕ್ಕೂ ಲಕ್ಷಣಕ್ಕೂ ಸಂಬಂಧವೇ ಇಲ್ಲ. ಆ ಪರೀಕ್ಷೆಯ ಹೆಸರೂ ಕೇಳದ ವಿದ್ಯಾರ್ಥಿಗಳಿಗೆ ಅದನ್ನು ಕೊಟ್ಟು, ಏನಾದರೂ ಸಂಬಂಧ ಕಾಣುತ್ತದಾ ಅಂತ ಕೇಳಿದರು.

ವಿದ್ಯಾರ್ಥಿಗಳು ಕಂಡುಹಿಡಿದದ್ದೂ ಅದನ್ನೇ. ಕಣ್ಣು ಅಂದರೆ ಅನುಮಾನ, ತಲೆ ಅಂದರೆ ಬುದ್ಧಿ. ಇಲ್ಲದ ಸಂಬಂಧ.

ಯಾಕೆ ಹೀಗೆ? 'ಅನುಮಾನದ ಕಣ್ಣಿಂದ ನೋಡಿದ', 'ಅವನಿಗೆ ತಲೆ ಇದೆ' ಅನ್ನುವುದು ನಮ್ಮ ಮಾತಿನಲ್ಲೇ ಇದೆ. ಆ ಜೋಡಿ ಮೊದಲೇ ತಲೆಯಲ್ಲಿ ಕೂತಿರುತ್ತದೆ, ಚಿತ್ರ ಬರೀ ನೆಪ. ಕಪ್ಪು ಎಂದರೆ ದುಃಖ ಅನ್ನುವುದೂ ಹಾಗೇ. ನಿಮ್ಮ ಪರಿಚಯದವರು ಓದಿದ್ದು ನಿಮ್ಮ ಮನಸ್ಸನ್ನಲ್ಲ, ತಮ್ಮ ಶಬ್ದಕೋಶವನ್ನು.

ಸುಮ್ನೆ_ಓದುಗ
ಖಿನ್ನತೆ ಇರುವುದು ಆ ಕ್ರೇಯಾನ್ ಡಬ್ಬಿಗೆ. ಹನ್ನೊಂದು ಮೊಂಡು ಬಣ್ಣ ಇಟ್ಟುಕೊಂಡು ಸಂಶೋಧನೆ ಮಾಡುವವರಿಗೆ ಯಾರಾದರೂ ಒಂದು ಮೆಂಡರ್ ಕೊಡಿಸಿ.

ಹಾಳೆ_ಬಣ್ಣ
ನಾನು ಇಂಥದೇ ಸಂಶೋಧನೆಯಲ್ಲಿ ಸಹಾಯಕಿ. ಕೋಣೆಯಲ್ಲಿ ಹಾಳೆ ಕೊಟ್ಟು ಗಡಿಯಾರ ನೋಡುತ್ತಾ ಕೂರುವವಳು. ಕ್ರೇಯಾನ್ ಮಾತು ಕೇಳಿ ನಗು ಬಂತು, ಹೊಟ್ಟೆಯಲ್ಲಿ ಸ್ವಲ್ಪ ಚುರುಕ್ ಅಂತಲೂ ಅಂತು. ಬಣ್ಣ ಮೊಂಡಾಗಿದ್ದರೆ ಅದು ನಿಜಕ್ಕೂ ತಪ್ಪೇ. ಬಣ್ಣದ ಲೆಕ್ಕ ಹಾಕುವ ಅಧ್ಯಯನ ಆಗಿದ್ದರೆ ಆ ದಿನದ ಹಾಳೆಗಳೆಲ್ಲ ಕಸದ ಬುಟ್ಟಿಗೆ.

ಆದರೆ ಅಂಕಿಅಂಶ ಅವರ ಮಾತಿಗೆ ಒಂದು ತಿದ್ದುಪಡಿ. ಗೆರೆಗೂ ಭಾವನೆಗೂ ಸಂಬಂಧವೇ ಇಲ್ಲ ಅಂತಲ್ಲ. 1921ರಲ್ಲೇ ಲುಂಡ್‌ಹೋಮ್ ಅನ್ನುವವರು ಜನರಿಗೆ ಒಂದೊಂದು ಭಾವದ ಪದ ಕೊಟ್ಟು, ಅದಕ್ಕೆ ತಕ್ಕ ಗೆರೆ ಎಳೆಯಿರಿ ಅಂದಿದ್ದರು. ಸಿಟ್ಟಿಗೆ ಚೂಪು ಕೋನ ಬಂತು, ಮೃದುವಾದ ಭಾವಕ್ಕೆ ಬಾಗಿದ ಗೆರೆ ಬಂತು. ಈಚೆಗೆ, 2023ರಲ್ಲಿ ಪ್ರಕಟವಾದ ಇನ್ನೊಂದು ಕೆಲಸದಲ್ಲಿ ಕಲಾವಿದರು ಮತ್ತು ಚಿತ್ರಕಲೆ ಬಾರದವರು ಇಬ್ಬರಿಗೂ ಸಿಟ್ಟು, ಹೇಸಿಗೆ, ಹೆದರಿಕೆ, ಖುಷಿ, ಬೇಸರ, ಬೆರಗು ಈ ಆರನ್ನು ಆಕಾರವಿಲ್ಲದ ಚಿತ್ರವಾಗಿ ಬರೆಯಲು ಹೇಳಿದರು. ಒಮ್ಮೆ ಬಣ್ಣದಲ್ಲಿ, ಒಮ್ಮೆ ಬರೀ ಗೆರೆಯಲ್ಲಿ. ಯಾವುದು ಯಾವ ಭಾವ ಅಂತ ಕಂಪ್ಯೂಟರ್ ಊಹಿಸಬೇಕು. ಗೆರೆಗಿಂತ ಬಣ್ಣದಿಂದ ಚೆನ್ನಾಗಿ ಊಹಿಸಿತು. ತಮಾಷೆ ಏನೆಂದರೆ ಕಲಾವಿದರ ಚಿತ್ರಕ್ಕಿಂತ ಚಿತ್ರ ಬಾರದವರ ಚಿತ್ರವೇ ಅದಕ್ಕೆ ಸುಲಭವಾಯಿತು. ನನಗನಿಸುವುದು, ಬಾರದವರು ಎಲ್ಲರಿಗೂ ಗೊತ್ತಿರುವ ದಾರಿ ಹಿಡಿಯುತ್ತಾರೆ. ಸಿಟ್ಟಾ? ಕೆಂಪು. ಬೇಸರವಾ? ನೀಲಿ. ಕಲಾವಿದರಿಗೆ ಆ ದಾರಿ ಕಂಡರೆ ಅಲರ್ಜಿ.

ಆದರೆ ಇದೆಲ್ಲ ಗುಂಪಿನ ಲೆಕ್ಕ. ನೂರಾರು ಹಾಳೆ ಒಟ್ಟಿಗೆ ಹಾಕಿದಾಗ ಒಂದು ಒಲವು ಕಾಣುತ್ತದೆ. ಒಬ್ಬರ ಒಂದು ಹಾಳೆ ಹಿಡಿದು ಹಿಂದಕ್ಕೆ ನಡೆದರೆ ಅವರ ಮನಸ್ಸಿಗೆ ಹೋಗಿ ಮುಟ್ಟುವುದಿಲ್ಲ. ಜೊತೆಗೆ ಇಂಥ ಪ್ರಯೋಗದಲ್ಲಿ ಯಾವ ಭಾವ ತೋರಿಸಬೇಕು ಅಂತ ಮೊದಲೇ ಹೇಳಿರುತ್ತಾರೆ. ನಿಮಗೆ ಹಾಗೆ ಹೇಳಿರಲಿಲ್ಲ.

ನಮ್ಮಲ್ಲಿ ಹಾಳೆ ಓದುವುದಿಲ್ಲ, ಬರೆದವರನ್ನು ಕೇಳುತ್ತೇವೆ. "ಇದರ ಬಗ್ಗೆ ಹೇಳಿ." ಅಷ್ಟೇ ಪ್ರಶ್ನೆ. 'ಇದು ಏನು' ಅಂತಲೂ ಕೇಳುವುದಿಲ್ಲ. ಏನು ಅಂತ ಕೇಳಿದ ಕೂಡಲೇ ಜನ ಏನೋ ಒಂದು ಹೆಸರಿಟ್ಟು ಮುಗಿಸಿಬಿಡುತ್ತಾರೆ.

ಇಬ್ಬರ_ಅಮ್ಮ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಚಿಕ್ಕವಳು, ಆರು ವರ್ಷ, ಮೊನ್ನೆ ಮನೆ ಚಿತ್ರ ಬರೆದಳು. ಪೂರ್ತಿ ಕಪ್ಪು. ಗೋಡೆ, ಆಕಾಶ, ನಾವು ನಾಲ್ಕು ಜನ, ಎಲ್ಲಾ ಕಪ್ಪು. ಟೀಚರ್ ಫೋನ್ ಮಾಡಿ "ಮನೆಯಲ್ಲಿ ಎಲ್ಲಾ ಸರಿ ಇದೆ ಅಲ್ವಾ?" ಅಂತ ಕೇಳಿದರು. ನನಗೆ ಎದೆ ಧಸಕ್ ಅಂತು. ಈ ಥ್ರೆಡ್ ಓದಿದ ಮೇಲೆ ಹೋಗಿ ಪಕ್ಕದಲ್ಲಿ ಕೂತು, "ಇದರ ಬಗ್ಗೆ ಹೇಳು ಪುಟ್ಟಿ" ಅಂದೆ.

"ಕರೆಂಟ್ ಹೋಗಿದೆ ಅಮ್ಮ" ಅಂದಳು.

ಸುಮ್ನೆ_ಓದುಗ
ಈ ಥ್ರೆಡ್ ಇಲ್ಲಿಗೇ ಮುಗಿಸಬಹುದು.

ಗೆಜ್ಜೆ
ಮುಗಿಸಬೇಡಿ, ನನ್ನದೊಂದು ತಕರಾರು ಇದೆ. ಹಾಳೆ ಬಿಡಿ. ಮೈ ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷ ಕುಣಿದು, ಕಲಿಸಿ ಹೇಳುತ್ತಿದ್ದೇನೆ.

ಪ್ರಯೋಗವೇ ಬೇಕು ಅನ್ನುವವರಿಗೆ ಇಲ್ಲಿದೆ. 2000ದಲ್ಲಿ ಅಹಲ್ಯಾ ಹೆಜಮಾಡಿ, ರಿಚರ್ಡ್ ಡೇವಿಡ್ಸನ್, ಪಾಲ್ ರೋಜಿನ್ ಸೇರಿ ಒಂದು ಅಧ್ಯಯನ ಮಾಡಿದರು. ಸಿಟ್ಟು, ಹೇಸಿಗೆ, ಹೆದರಿಕೆ, ವೀರ, ಹಾಸ್ಯ, ಪ್ರೀತಿ, ಶಾಂತಿ, ದುಃಖ, ನಾಚಿಕೆ, ಬೆರಗು. ಹತ್ತು ಭಾವ, ಒಂದೊಂದಕ್ಕೂ ಮೂರು ಬಗೆಯ ಅಭಿನಯ. ನಾಚಿಕೆ ಒಂದನ್ನು ಬಿಟ್ಟು ಉಳಿದವೆಲ್ಲ ನಾಟ್ಯಶಾಸ್ತ್ರದಲ್ಲಿ ಇರುವಂಥವು. ಮುಖ ಮಾತ್ರ ಅಲ್ಲ, ಕೈ, ಮೈ ಎಲ್ಲಾ ಸೇರಿದ ವಿಡಿಯೊ. ಅದನ್ನು ಭಾರತದ ಮತ್ತು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಪಟ್ಟಿ ಕೊಟ್ಟು ಆರಿಸಿ ಅಂದಾಗ 65% ಸರಿ. ಕಣ್ಣುಮುಚ್ಚಿ ಊಹಿಸಿದ್ದರೆ ಸರಿಯಾಗುತ್ತಿದ್ದದ್ದು 9%. ಪಟ್ಟಿ ಕೊಡದೆ 'ನಿಮ್ಮದೇ ಮಾತಲ್ಲಿ ಹೇಳಿ' ಅಂದಾಗಲೂ 61%. ಎರಡೂ ದೇಶದವರು ಚೆನ್ನಾಗಿಯೇ ಗುರುತಿಸಿದರು.

ಮುಖವೇ ಇಲ್ಲದಿದ್ದರೂ ಆಗುತ್ತದೆ. 1996ರಲ್ಲಿ ಡಿಟ್ರಿಚ್ ಮತ್ತು ಜೊತೆಯವರು ನರ್ತಕರ ಕೀಲುಗಳಿಗೆ ಸಣ್ಣ ಬೆಳಕು ಕಟ್ಟಿ ಕತ್ತಲಲ್ಲಿ ಕುಣಿಸಿದರು. ನೋಡುವವರಿಗೆ ಕಾಣುವುದು ಓಡಾಡುವ ಚುಕ್ಕಿಗಳು ಮಾತ್ರ. ಆದರೂ ಇದು ಸಿಟ್ಟು, ಇದು ದುಃಖ ಅಂತ ಜನ ಹೇಳಿದರು. ವಿಡಿಯೊ ತಲೆಕೆಳಗು ಮಾಡಿ ತೋರಿಸಿದಾಗ ಕಷ್ಟವಾಯಿತು. ಅಂದರೆ ಚುಕ್ಕಿ ನೋಡಿ ಅಲ್ಲ, ಚುಕ್ಕಿಯೊಳಗಿನ ಮೈ ನೋಡಿ ಹೇಳಿದ್ದು.

ಗೀಚುಗಾರ ಅವರೇ, ನಿಮ್ಮ ಸುರುಳಿ ಏನಾದರೂ ಆಗಿರಲಿ, ನಿಮ್ಮ ಮಣಿಕಟ್ಟಿನ ಬಗ್ಗೆ ಯೋಚಿಸಿ. ಕೈ ಸುಮ್ನೆ ತಿರುಗುವುದಿಲ್ಲ.

ಅಂಕಿಅಂಶ
ಗೆಜ್ಜೆ ಮೇಡಂ, ಅಧ್ಯಯನ ಸರಿ, ಅದರಿಂದ ನೀವು ತೆಗೆದ ತೀರ್ಮಾನ ಸರಿಯಿಲ್ಲ. ನೋಡುವವರಿಗೆ ತಿಳಿಯಲಿ ಅಂತ ತಲೆಮಾರುಗಳು ತಿದ್ದಿ ತೀಡಿದ ಅಭಿನಯ ಅದು. ತಿಳಿಯದಿದ್ದರೆ ಅಲ್ವಾ ಆಶ್ಚರ್ಯ! ಹೇಳಲು ಮಾಡಿದ್ದು ಬೇರೆ, ಹೇಳದೆ ಹೊರಬಿದ್ದದ್ದು ಬೇರೆ. ವೇದಿಕೆ ಮೇಲೆ ಅತ್ತವರು ಆ ಹೊತ್ತಿಗೆ ಒಳಗೆ "ಕಾಲು ನೋಯುತ್ತಿದೆ" ಅಂತ ಅಂದುಕೊಳ್ಳುತ್ತಿರಬಹುದು. ಮೈ ಸುಳ್ಳು ಹೇಳುವುದಿಲ್ಲ ಅಂದಿರಿ. ಚೆನ್ನಾಗಿ ಕಲಿತ ಮೈ ಎಷ್ಟು ಸೊಗಸಾಗಿ ಸುಳ್ಳು ಹೇಳುತ್ತದೆ ಅನ್ನುವುದಕ್ಕೆ ನೀವೇ ಸಾಕ್ಷಿ ಕೊಟ್ಟಿರಿ.

ನಾವು ಓದುವುದರಲ್ಲಿ ಎಷ್ಟು ಮುಂದೆ ಓಡುತ್ತೇವೆ ಅನ್ನುವುದಕ್ಕೆ 1944ರ ಹೈಡರ್ ಮತ್ತು ಸಿಮ್ಮೆಲ್ ಪ್ರಯೋಗ ನೋಡಿ. ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ. ಅವು ಅತ್ತಿತ್ತ ಓಡಾಡುವ ಪುಟ್ಟ ಚಲನಚಿತ್ರ. ಮೊದಲ ಗುಂಪಿನ 34 ಜನರಲ್ಲಿ ಒಬ್ಬರು ಮಾತ್ರ ಅದನ್ನು ಆಕಾರಗಳ ಚಲನೆ ಅಂತ ವಿವರಿಸಿದರು. ಮಿಕ್ಕವರಿಗೆ ಕಂಡದ್ದು ಜೀವ ಇರುವವರ ಕಥೆ. ದೊಡ್ಡ ತ್ರಿಕೋನ ಪುಂಡ, ವೃತ್ತಕ್ಕೆ ಹೆದರಿಕೆ. ತ್ರಿಕೋನಕ್ಕೇ ಸಿಟ್ಟು ಬರಿಸಬಲ್ಲ ನಾವು, ಒಂದು ಸುರುಳಿಗೆ ಖಿನ್ನತೆ ಬರಿಸುವುದು ಎಷ್ಟರ ಮಾತು?

ಗೆಜ್ಜೆ
"ಸೊಗಸಾಗಿ ಸುಳ್ಳು" ಅನ್ನುವುದನ್ನು ಹೊಗಳಿಕೆ ಅಂತ ತೆಗೆದುಕೊಂಡಿದ್ದೇನೆ. ಆದರೆ ಅಭಿನಯ ಮಾಡುವಾಗ ಒಳಗೆ ಏನೂ ಆಗುವುದೇ ಇಲ್ಲ ಅನ್ನುವುದನ್ನು ಒಪ್ಪುವುದಿಲ್ಲ. ನಿಧಾನಕ್ಕೆ ಹೆಗಲು ಇಳಿಸಿ, ಉಸಿರು ಬಿಟ್ಟು ಹತ್ತು ನಿಮಿಷ ನಡೆದು ನೋಡಿ. ಆಮೇಲೆ ಮಾತಾಡೋಣ.

ರಾತ್ರಿ_ರೇಡಿಯೊ
ಸಂಗೀತದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ. ನನ್ನ ಹುಚ್ಚು ಅದೇ.

ಜುಸ್ಲಿನ್ ಮತ್ತು ಲೌಕಾ 2003ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರು. ಮಾತಿನ ದನಿಯಲ್ಲಿ ಭಾವ ತೋರುವ ರೀತಿಯೂ, ವಾದ್ಯ ನುಡಿಸುವಾಗ ತೋರುವ ರೀತಿಯೂ ಹೆಚ್ಚುಕಡಿಮೆ ಒಂದೇ. ದುಃಖಕ್ಕೆ ನಿಧಾನ, ಮೆಲುದನಿ, ತಗ್ಗಿದ ಸ್ವರ. ಸಿಟ್ಟಿಗೆ ವೇಗ, ಜೋರು, ಬಡಿದಂತೆ ಶುರುವಾಗುವ ಸ್ವರ. ಹಾಗಾಗಿ ಪರಿಚಯವಿಲ್ಲದ ಸಂಗೀತದಲ್ಲೂ ಒಂದಿಷ್ಟು ತಿಳಿಯುತ್ತದೆ. 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ 30 ಪಾಶ್ಚಾತ್ಯ ಕೇಳುಗರಿಗೆ ಹಿಂದೂಸ್ತಾನಿ ರಾಗಗಳ 12 ತುಣುಕು ಕೇಳಿಸಿದರು. ಖುಷಿ, ದುಃಖ, ಸಿಟ್ಟು ಅವರಿಗೆ ಹತ್ತಿತು. ಶಾಂತಿ ಮಾತ್ರ ಅಷ್ಟು ಹತ್ತಲಿಲ್ಲ. ಶಾಂತಿಗೂ ದುಃಖಕ್ಕೂ ನಡಿಗೆ ಒಂದೇ, ಅಲ್ವಾ? ಎರಡೂ ನಿಧಾನ.

ಆದರೆ ನನ್ನ ತಲೆ ಕೊರೆಯುವುದು ಇನ್ನೊಂದು. ಹಾಡಿನಲ್ಲಿ ದುಃಖ ಇದೆ ಅಂತ ಗೊತ್ತಾಗುವುದು ಬೇರೆ, ನನಗೆ ದುಃಖ ಆಗುವುದು ಬೇರೆ. ಸಂಶೋಧಕರು ಇದನ್ನು ಎರಡು ಬೇರೆ ಪ್ರಶ್ನೆಯಾಗಿ ಕೇಳುತ್ತಾರೆ. "ಈ ಹಾಡು ಏನು ಹೇಳುತ್ತಿದೆ?" ಮತ್ತು "ನಿಮಗೆ ಏನಾಗುತ್ತಿದೆ?" ಎರಡನ್ನೂ ಕಲಸಿದರೆ ಉತ್ತರ ಹಾಳಾಗುತ್ತದೆ. 2014ರಲ್ಲಿ ತಾರುಫಿ ಮತ್ತು ಕೋಲ್ಶ್ 772 ಜನರನ್ನು ದುಃಖದ ಸಂಗೀತದ ಬಗ್ಗೆ ಕೇಳಿದರು. ಅದನ್ನು ಕೇಳುವಾಗ ಏನಾಗುತ್ತದೆ ಅಂದರೆ ಬಹಳ ಮಂದಿ ಹೇಳಿದ್ದು ದುಃಖ ಅಂತಲ್ಲ. ಹಳೆಯದರ ಹಂಬಲ ಅಂತ.

ಅಪ್ಪ ಹೋದ ಮೇಲೆ ಮೂರು ತಿಂಗಳು ನಾನು ಖುಷಿಯ ಹಾಡು ಕೇಳಲೇ ಇಲ್ಲ. ಕೇಳಿದರೆ ಯಾರೋ ನನ್ನನ್ನು ಅಣಕಿಸಿದಂತೆ ಆಗುತ್ತಿತ್ತು. ದುಃಖದ ಹಾಡು ಹಾಕಿದರೆ ಪಕ್ಕದಲ್ಲಿ ಯಾರೋ ಬಂದು ಕೂತಂತೆ. ನನ್ನ ತಂಗಿಗೆ ಇದರ ತದ್ವಿರುದ್ಧ. ಒಂದೇ ಮನೆ, ಒಂದೇ ಸಾವು. ಪ್ರಶ್ನಾವಳಿಯಲ್ಲಿ ನಾವಿಬ್ಬರೂ 'ದುಃಖ: 5ಕ್ಕೆ 5' ಅಂತಲೇ ಗುರುತು ಹಾಕುತ್ತಿದ್ದೆವು.

ಪದಬೇಟೆ
ರಾತ್ರಿ_ರೇಡಿಯೊ ಅವರೇ, ನೀವು ಹೇಳಿದ ಆ ಎರಡು ಪ್ರಶ್ನೆಗೆ ನಮ್ಮಲ್ಲಿ ಹಳೆಯ ಎರಡು ಮಾತೇ ಇವೆಯಲ್ಲ. ತೋರಿಸುವುದು ಭಾವ, ನೋಡುವವನಿಗೆ ಸಿಗುವುದು ರಸ. ಶೋಕ ಅನ್ನುವುದು ಭಾವ, ಕರುಣ ಅನ್ನುವುದು ರಸ. ಕರುಣಕ್ಕೆ ಕಣ್ಣೀರು ಬಂದರೂ ಎದ್ದು ಹೋಗಬೇಕು ಅನಿಸುವುದಿಲ್ಲ. ಸಂಶೋಧಕರು ಇವತ್ತು ಪ್ರಶ್ನಾವಳಿ ಹಿಡಿದು ಇದರ ಸುತ್ತಲೇ ಓಡಾಡುತ್ತಿದ್ದಾರೆ. (ಹಾಗಂತ ಎಲ್ಲಾ ನಮಗೆ ಮೊದಲೇ ಗೊತ್ತಿತ್ತು ಅಂತ ಜಂಬ ಕೊಚ್ಚುವವನಲ್ಲ ನಾನು. ಹೆಸರಿಡುವುದು ಬೇರೆ, ಅಳೆದು ನೋಡುವುದು ಬೇರೆ.)

ಇನ್ನೊಂದು ಮಾತು. "ಹೇಗನಿಸುತ್ತಿದೆ?" ಅಂತ ಕೇಳಿದರೆ ನಾವು ಜಾಸ್ತಿ ಹೇಳುವುದು ಏನು? "ಏನೋ ಒಂಥರಾ." ನನಗೆ ತುಂಬಾ ಇಷ್ಟವಾದ ಪದ ಇದು. ಭಾವ ಇದೆ, ಹೆಸರಿಲ್ಲ. ಇದು ಅತಿಯಾಗಿ, ತನಗೆ ಏನಾಗುತ್ತಿದೆ ಅಂತ ಹೆಸರಿಸಲು ಆಗದೇ ಇರುವುದೇ ಸ್ವಭಾವವಾದರೆ ಅದಕ್ಕೆ ಮನಶ್ಶಾಸ್ತ್ರದಲ್ಲಿ 'ಅಲೆಕ್ಸಿಥೈಮಿಯಾ' ಅನ್ನುತ್ತಾರೆ. 1973ರಲ್ಲಿ ಪೀಟರ್ ಸಿಫ್ನಿಯೋಸ್ ಇಟ್ಟ ಹೆಸರು. ಅದನ್ನು ಅಳೆಯಲು ಬಳಸುವುದು ಏನು ಗೊತ್ತಾ? ಇಪ್ಪತ್ತು ವಾಕ್ಯಗಳ ಪ್ರಶ್ನಾವಳಿ. ಮಾತಿನಲ್ಲಿ ಹೇಳಲು ಬಾರದವರನ್ನು ಮಾತಿನಲ್ಲೇ ಕೇಳುವುದು! ಚಿತ್ರ, ಕುಣಿತ, ಸಂಗೀತ ಸಂಶೋಧನೆಗೆ ಬೇಕಾಗುವುದು ಇಲ್ಲೇ. ಒಂಥರಾ ಅನ್ನುವುದಕ್ಕೆ ಒಂದು ಆಕಾರ ಸಿಗಲಿ ಅಂತ.

ಹೆಸರಿಲ್ಲದಿದ್ದರೂ ಅದು ಎಲ್ಲಿ ಆಗುತ್ತಿದೆ ಅಂತ ಮಾತ್ರ ಗೊತ್ತಿರುತ್ತದೆ. ಕರುಳು ಚುರುಕ್ ಅಂತು, ಎದೆ ಭಾರವಾಯಿತು, ಮೈಯೆಲ್ಲಾ ಉರಿಯಿತು, ಕೈಕಾಲು ಆಡಲಿಲ್ಲ. ನುಮ್ಮೆನ್‌ಮಾ ಮತ್ತು ಜೊತೆಯವರು 2014ರಲ್ಲಿ ಇದನ್ನೇ ಬಣ್ಣದಲ್ಲಿ ಮಾಡಿಸಿದರು. ಬರೀ ಹೊರಗೆರೆ ಇರುವ ಮೈಚಿತ್ರ ಕೊಟ್ಟು, ಈ ಭಾವ ಬಂದಾಗ ಎಲ್ಲಿ ಚುರುಕಾಗುತ್ತದೆ, ಎಲ್ಲಿ ಮಂಕಾಗುತ್ತದೆ ಅಂತ ಬಣ್ಣ ತುಂಬಿಸಿದರು. ಖುಷಿಗೆ ಮೈ ಪೂರ್ತಿ ಬಣ್ಣ. ದುಃಖಕ್ಕೆ ಎದೆ ಬಿಸಿ, ಕೈಕಾಲು ತಣ್ಣಗೆ. ಸಿಟ್ಟು ಎದೆಯಿಂದ ಮೇಲೆ ಮತ್ತು ತೋಳುಗಳಿಗೆ.

ಗೀಚುಗಾರ ಅವರ ಸಿಟ್ಟು ಕೈಗೆ ಬಂದದ್ದು ನನಗೇನೂ ಆಶ್ಚರ್ಯ ಅಲ್ಲ.

ಗೀಚುಗಾರ
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಇಬ್ಬರ_ಅಮ್ಮ ಅವರ ಕರೆಂಟ್ ಕಥೆಗೆ ಕಚೇರಿಯಲ್ಲಿ ಜೋರಾಗಿ ನಕ್ಕುಬಿಟ್ಟೆ, ಎಲ್ಲರೂ ತಿರುಗಿ ನೋಡಿದರು.

ಇನ್ನೊಂದು ಅನುಮಾನ. ಒಳಗಿದ್ದದ್ದನ್ನು ಹೊರಗೆ ಹಾಕಿದರೆ ಮನಸ್ಸು ಹಗುರ ಆಗುತ್ತದೆ ಅನ್ನುತ್ತಾರಲ್ಲ, ನನಗೆ ಹಾಗಾಗಲಿಲ್ಲ. ಆ ಕೋಣೆಯಿಂದ ಹೊರಬಂದಾಗ ಒಳಗೆ ಹೋದದ್ದಕ್ಕಿಂತ ಕೆಟ್ಟದಾಗಿತ್ತು. ಇದು ಮಾಮೂಲಾ?

ಹಾಳೆ_ಬಣ್ಣ
ಮಾಮೂಲು. ನಿಮ್ಮನ್ನು ಕಳಿಸುವ ಮೊದಲು ಅವರು ಇದನ್ನು ಹೇಳಬೇಕಿತ್ತು. ನಾವು ಹೇಳುತ್ತೇವೆ. ನೀರು ಕೊಟ್ಟು ಹತ್ತು ನಿಮಿಷ ಕೂರಿಸಿ, ಬೇಕಿದ್ದರೆ ಮಾತಾಡಲು ಒಬ್ಬರ ನಂಬರ್ ಕೊಟ್ಟೇ ಕಳಿಸುವುದು.

'ಹೊರಗೆ ಹಾಕಿದರೆ ಹಗುರ' ಅನ್ನುವುದು ಅಷ್ಟು ಸುಲಭ ಅಲ್ಲ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ 2012ರಲ್ಲಿ ಜನರಿಗೆ ಮೊದಲು ಬೇಸರ ತರಿಸಿ, ಆಮೇಲೆ ಚಿತ್ರ ಬರೆಸಿದರು. ಒಂದು ಗುಂಪು ಆ ಬೇಸರವನ್ನೇ ಬರೆಯಬೇಕು, ಇನ್ನೊಂದು ಗುಂಪು ಅದಕ್ಕೆ ಸಂಬಂಧವಿಲ್ಲದ್ದನ್ನು. ಮನಸ್ಸು ಚೇತರಿಸಿಕೊಂಡದ್ದು ಎರಡನೇ ಗುಂಪಿನವರದ್ದೇ ಜಾಸ್ತಿ. ಅಂದರೆ ಆ ಹೊತ್ತಿನ ಮಟ್ಟಿಗೆ ಕಾರಿಕೊಳ್ಳುವುದಕ್ಕಿಂತ ಬೇರೆ ಕಡೆ ತಿರುಗುವುದೇ ವಾಸಿ.

ಆದರೆ ಅದು ಆ ಹೊತ್ತಿನ ಮಾತು. ಬರಹದಲ್ಲಿ ಲೆಕ್ಕ ಬೇರೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ಬದುಕಿನ ಕಹಿ ಘಟನೆಗಳ ಬಗ್ಗೆ ಬರೆಸಿದರು. ಬರೆದ ಕೂಡಲೇ ಅವರ ಮನಸ್ಸು ಇನ್ನೂ ಕೆಟ್ಟಿತು, ನಿಮ್ಮ ಹಾಗೇ. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ.

ನನಗೆ ಇದಕ್ಕಿಂತ ಹಿಡಿಸುವುದು ಆನ್ ಕ್ರಾಂಟ್ಸ್ ಜೊತೆ ಪೆನ್ನೆಬೇಕರ್ ಮಾಡಿದ ಇನ್ನೊಂದು ಕೆಲಸ, 2007ರಲ್ಲಿ ಪ್ರಕಟವಾದದ್ದು. ಒಂದು ಗುಂಪು ತಮ್ಮ ಕಹಿ ಅನುಭವವನ್ನು ಮೈ ಚಲನೆಯಲ್ಲಿ ತೋರಿಸಬೇಕು. ಇನ್ನೊಂದು ಗುಂಪು ಹಾಗೆ ತೋರಿಸಿ, ಆಮೇಲೆ ಬರೆಯಬೇಕು. ಮೂರನೆಯದಕ್ಕೆ ಸುಮ್ನೆ ವ್ಯಾಯಾಮ. ಆರೋಗ್ಯ ಮತ್ತು ಅಂಕ ಎರಡರಲ್ಲೂ ಸುಧಾರಿಸಿದ್ದು ಕುಣಿದು ಬರೆದವರು ಮಾತ್ರ. ಬರೀ ಕುಣಿತ ಸಾಕಾಗಲಿಲ್ಲ. ಕೈಗೆ ಗೊತ್ತಾದದ್ದು ಬಾಯಿಗೂ ಬರಬೇಕು ಅಂತ ಕಾಣುತ್ತದೆ.

ಅಂಕಿಅಂಶ
ಬರಹದ ಬಗ್ಗೆ ತಣ್ಣೀರು ಎರಚುವ ಕೆಲಸ ನನಗಿರಲಿ. 2006ರಲ್ಲಿ ಫ್ರಾಟರೋಲಿ ಇಂಥ 146 ಅಧ್ಯಯನ ಒಟ್ಟು ಸೇರಿಸಿ ನೋಡಿದರು. ಪರಿಣಾಮ ಇದೆ, ಆದರೆ ಸಣ್ಣದು: 0.075 (ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಒಂದು ಅಂದರೆ ಪೂರ್ತಿ ಸಂಬಂಧ ಅನ್ನುವ ಅಳತೆಯಲ್ಲಿ). ಸೊನ್ನೆ ಅಲ್ಲ, ಪವಾಡವೂ ಅಲ್ಲ.

'45 ನಿಮಿಷ ಚಿತ್ರ ಬರೆದರೆ ಒತ್ತಡದ ಹಾರ್ಮೋನು ಇಳಿಯುತ್ತದೆ' ಅಂತ ಎಲ್ಲಾ ಕಡೆ ಓಡಾಡುವ ಸುದ್ದಿ ಇದೆಯಲ್ಲ, ಅದು ಗಿರಿಜಾ ಕೈಮಲ್ ಮತ್ತು ಜೊತೆಯವರ 2016ರ ಅಧ್ಯಯನ. 39 ಜನ. ಸುಮಾರು 75% ಮಂದಿಯಲ್ಲಿ ಕಾರ್ಟಿಸಾಲ್ ಇಳಿಯಿತು, ಚಿತ್ರಕಲೆ ಬರುತ್ತದೋ ಇಲ್ಲವೋ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ. ಚೆನ್ನಾಗಿದೆ. ಆದರೆ ಹೋಲಿಸಲು ಸುಮ್ನೆ ಕೂತ ಇನ್ನೊಂದು ಗುಂಪು ಇರಲಿಲ್ಲ. 45 ನಿಮಿಷ ಫೋನ್ ಬದಿಗಿಟ್ಟು ಕಿಟಕಿ ನೋಡುತ್ತಾ ಕೂತಿದ್ದರೂ ಇಳಿಯುತ್ತಿತ್ತೋ ಏನೋ.

ಕಥೆ ಓದುವುದರದ್ದೂ ಇದೇ ಪಾಡು. ಒಳ್ಳೆಯ ಸಾಹಿತ್ಯ ಸ್ವಲ್ಪ ಓದಿದರೂ ಇನ್ನೊಬ್ಬರ ಕಣ್ಣು ನೋಡಿ ಭಾವ ಊಹಿಸುವುದು ಸುಧಾರಿಸುತ್ತದೆ ಅಂತ 2013ರಲ್ಲಿ ಕಿಡ್ ಮತ್ತು ಕಸ್ಟಾನೊ ಬರೆದರು, ದೊಡ್ಡ ಸುದ್ದಿಯಾಯಿತು. 2016ರಲ್ಲಿ ಬೇರೆಯವರು ಜಾಸ್ತಿ ಜನರನ್ನು ಇಟ್ಟುಕೊಂಡು ಮತ್ತೆ ಮಾಡಿದಾಗ ಅದು ಕಾಣಲಿಲ್ಲ.

ಸುಮ್ನೆ_ಓದುಗ
ನಿಮಗೆ ಯಾವುದಾದರೂ ಒಂದು ಅಧ್ಯಯನ ಇಷ್ಟ ಇದೆಯಾ ಸಾರ್?

ಅಂಕಿಅಂಶ
ಇದೆ. ಕೇಳಿದಿರಿ ಅಂತ ಹೇಳುತ್ತೇನೆ. ಸೀವರ್ಸ್, ವೀಟ್ಲಿ ಮತ್ತು ಜೊತೆಯವರು, 2013. ಪರದೆ ಮೇಲೆ ಕೆಲವು ಜಾರುಗುಂಡಿ, ಅಂದರೆ ಅತ್ತಿತ್ತ ಎಳೆದು ಸರಿಸುವ ಬಟನ್. ಒಂದಿಷ್ಟು ಜನರಿಗೆ ಆ ಗುಂಡಿ ಸರಿಸಿದರೆ ಒಂದು ರಾಗದ ತುಣುಕು ಬದಲಾಗುತ್ತದೆ. ಇನ್ನೊಂದಿಷ್ಟು ಜನರಿಗೆ ಅದೇ ಗುಂಡಿ ಸರಿಸಿದರೆ ಪುಟಿಯುವ ಒಂದು ಚೆಂಡು ಬದಲಾಗುತ್ತದೆ. ವೇಗ, ಲಯದ ಏರುಪೇರು, ಮೇಲಕ್ಕೋ ಕೆಳಕ್ಕೋ, ಹೆಜ್ಜೆ ಎಷ್ಟು ದೊಡ್ಡದು, ಚೂಪೋ ನಯವೋ. ಸಿಟ್ಟು, ಖುಷಿ, ಶಾಂತಿ, ದುಃಖ, ಹೆದರಿಕೆ ಐದನ್ನೂ ಮಾಡಿ ಅಂದರು. ಚೆಂಡಿನವರು ರಾಗ ಕೇಳಿಲ್ಲ, ರಾಗದವರು ಚೆಂಡು ನೋಡಿಲ್ಲ. ಇಬ್ಬರೂ ಗುಂಡಿಗಳನ್ನು ಹತ್ತಿರ ಹತ್ತಿರದ ಜಾಗಕ್ಕೇ ತಂದು ನಿಲ್ಲಿಸಿದರು. ಆಮೇಲೆ ಕಾಂಬೋಡಿಯಾದ ದೂರದ ಹಳ್ಳಿಯೊಂದರಲ್ಲಿ, ಕ್ರೆಯುಂಗ್ ಜನರ ಜೊತೆಯೂ ಮಾಡಿ ನೋಡಿದರು. ಅಲ್ಲಿಯೂ ತುಂಬಾ ಹೋಲಿಕೆ ಇತ್ತು.

ಯಾರೂ ಯಾರ ಮನಸ್ಸನ್ನೂ 'ಓದಲಿಲ್ಲ'. ಗುಂಡಿ ಕೈಗೆ ಕೊಟ್ಟು, ನೀವೇ ಮಾಡಿ ಅಂದರು. ಅದಕ್ಕೇ ಇಷ್ಟ.

ಗೆಜ್ಜೆ
ಅಂದರೆ ಹಾಡಿಗೂ ಮೈಗೂ ಒಂದೇ ನಡೆ. ಇದನ್ನೇ ಅಲ್ವಾ ನಾನು ಹೇಳಿದ್ದು? ಇರಲಿ ಬಿಡಿ, ಚಹಾ ಕುಡಿಯುತ್ತಾ ಖುಷಿಪಡುತ್ತೇನೆ.

ಗೀಚುಗಾರ
ಒಂದು ವಾರದ ಮೇಲೆ ಬರುತ್ತಿದ್ದೇನೆ. ನಿನ್ನೆ ಅದೇ ಸಂಶೋಧನೆಯ ಎರಡನೇ ಭೇಟಿ ಇತ್ತು. ಬೇಡ ಅಂದುಕೊಂಡಿದ್ದವನು ಈ ಥ್ರೆಡ್‌ನಿಂದಾಗಿ ಹೋದೆ.

ನನ್ನ ಹಾಳೆ ಮೇಜಿನ ಮೇಲಿಟ್ಟರು. ಇವತ್ತು ಬರೆಯುವುದಿಲ್ಲ, ಮಾತು ಅಷ್ಟೇ ಅಂದರು. ಹಾಳೆ_ಬಣ್ಣ ಅವರು ಹೇಳಿದಂತೆ 'ಇದರ ಬಗ್ಗೆ ಹೇಳಿ' ಅಂತಲೇ ಕೇಳಿದರು. ಮೊಂಡು ಕ್ರೇಯಾನ್ ಬಗ್ಗೆ ಹೇಳಿದೆ, ಬರೆದುಕೊಂಡರು. ಆಮೇಲೆ "ಸುರುಳಿ ಒಳಗಿಂದ ಶುರು ಮಾಡಿದಿರೋ, ಹೊರಗಿಂದಲೋ?" ಅಂತ ಕೇಳಿದರು. ನೋಡಿದರೆ ಗೊತ್ತಾಗುವುದಿಲ್ಲ. ನನಗೆ ಮಾತ್ರ ಗೊತ್ತು. ಹೊರಗಿಂದ. ಒಳಗೆ ಹೋಗುತ್ತಾ ಹೋಗುತ್ತಾ ಒತ್ತಿ ಒತ್ತಿ, ನಡುವಿನಲ್ಲಿ ಜಾಗ ಮುಗಿದು ಮೊನೆ ಮುರಿಯಿತು. ಹಾಳೆಯಲ್ಲಿ ಸಣ್ಣ ತೂತೂ ಆಗಿದೆ, ಫೋಟೊದಲ್ಲಿ ಕಾಣುತ್ತಿರಲಿಲ್ಲ.

ಆಮೇಲೆ ಕೈಯ ವಿಡಿಯೊ ಹಾಕಿದರು. ಬರೀ ಕೈ, ಶಬ್ದ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಏನನ್ನೋ ಹಿಡಿದಂತಿವೆ, ಮಣಿಕಟ್ಟು ತಿರುಗುತ್ತಿದೆ. ಬೆರಳು ಹಾಗೆ ಸೇರಿದ್ದವು ಅನ್ನುವುದು ನನಗೆ ನೆನಪೇ ಇರಲಿಲ್ಲ. ಎರಡನೇ ಸಲ ನೋಡುವಾಗ ಗೊತ್ತಾಯಿತು.

ಘಟನೆ ಏನು ಅಂತ ಇಲ್ಲಿ ಹೇಳಿರಲಿಲ್ಲ. ಅಣ್ಣ ನಮ್ಮ ಹಳೆಯ ಮನೆ ಮಾರಿದ. ನನಗೆ ಒಂದು ಮಾತೂ ಹೇಳಲಿಲ್ಲ. ನಾನು ಹೋದಾಗ ಬೀಗ ಬದಲಾಗಿತ್ತು. ನನ್ನ ಹತ್ತಿರ ಇದ್ದ ಬೀಗದ ಕೈ ಹಾಕಿ ತಿರುಗಿಸುತ್ತಾ ನಿಂತಿದ್ದೆ, ಬೀಗ ಬದಲಾಗಿದೆ ಅಂತ ತಿಳಿದ ಮೇಲೂ.

ಪದಬೇಟೆ
...

ಅಂಕಿಅಂಶ
ಗೀಚುಗಾರ ಅವರೇ, ಇದನ್ನು ಹೇಳಬಾರದೇನೋ, ಆದರೂ ಹೇಳುತ್ತೇನೆ. ಇದು ನೀವು ಆಮೇಲೆ ಕಟ್ಟಿದ ಅರ್ಥವೂ ಆಗಿರಬಹುದು. ವಿಡಿಯೊ ನೋಡಿದ ಮೇಲೆ ಹೊಂದುವ ನೆನಪು ಹುಡುಕಿ ತರುವುದರಲ್ಲಿ ನಾವು ಬಹಳ ಗಟ್ಟಿಗರು.

ಗೀಚುಗಾರ
ಆಗಿರಬಹುದು ಸರ್. ಅವರೂ ಅದನ್ನೇ ಹೇಳಿದರು. ಅದನ್ನೂ ಬರೆದುಕೊಂಡರು.

ಹಾಳೆ_ಬಣ್ಣ
ಒಂದು ಕೇಳಲಾ? ಬೇಡ ಅನಿಸಿದರೆ ಉತ್ತರಿಸಬೇಡಿ. ಆ ಬೀಗದ ಕೈ ಈಗ ಎಲ್ಲಿದೆ?

ಗೀಚುಗಾರ
ಗೊಂಚಲಲ್ಲೇ ಇದೆ. ಈಗ ಇರುವ ಮನೆಯ ಕೈ ಪಕ್ಕದಲ್ಲಿ. ದಿನಾ ರಾತ್ರಿ ಮೊದಲು ತಪ್ಪಾಗಿ ಅದನ್ನೇ ಹಿಡಿಯುತ್ತೇನೆ.